ಬಾನೆಟ್ಟಿನ ಮೇಲೆ ಕೈಯಿಟ್ಟು ಆಡಿದ ಮಾತು

ವಿಮಾನದ ಇಂಜಿನ್ನನ್ನು ಕಾರಿಗೆ ಕೂಡಿಸಿದ ಮಿಸ್ತ್ರಿ ನೀವೇ ಏನು ಎಂದು ಇಳಕಲ್ಲಿನಲ್ಲಿ ಈಗಲೂ ಯಾರಾದರೂ ಕೇಳುತ್ತಾರೆ. ಹೌದು ಎನ್ನುತ್ತೇನೆ. ಅವರು ಚಹಾ ತರಿಸಿ, ಕುರ್ಚಿ ಎಳೆದುಕೊಂಡು ಕಥೆ ಕೇಳಲು ಕೂತರೆ ನನಗೆ ತಟ್ಟನೆ ಯಾವುದೋ ಕೆಲಸ ನೆನಪಾಗುತ್ತದೆ. ಇಂಜಿನ್ನು ಗುಡುಗಿ ಎದ್ದ ದಿನದವರೆಗೆ ಹೇಳಬಲ್ಲೆ. ಅಲ್ಲಿಯವರೆಗೆ ಆ ಕಥೆಯಲ್ಲಿ ನಾನು ಚೆನ್ನಾಗಿಯೇ ಕಾಣುತ್ತೇನೆ. ಮುಂದಿನದನ್ನು ಹೇಳಲು ನಾಚಿಕೆ. ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಮ್ಮೂರ ಕೆಂಪು ಗ್ರಾನೈಟು ಹಡಗು ಹತ್ತಿ ಪರದೇಶಕ್ಕೆ ಹೋಗತೊಡಗಿದ್ದ ಕಾಲ. ಹುನಗುಂದದ ರಸ್ತೆಗೆ ಹೊಂದಿಕೊಂಡು ನನ್ನ ಗ್ಯಾರೇಜಿತ್ತು. ನನ್ನ ದೊಡ್ಡ ಗಿರಾಕಿ ಎಂದರೆ ಒಂದು ಕಲ್ಲಿನ ಕ್ವಾರಿಯ ಸಾಹುಕಾರರು. ಅವರ ಲಾರಿ, ಜೀಪು, ಕಲ್ಲು ಎತ್ತುವ ಕ್ರೇನು ಎಲ್ಲದರ ರಿಪೇರಿಯೂ ನನ್ನದೇ.

ಅವರ ಕ್ವಾರಿಯ ಶೆಡ್ಡಿನಲ್ಲಿ ಎರಡು ವಸ್ತುಗಳು ವರ್ಷಗಟ್ಟಲೆ ಧೂಳು ತಿನ್ನುತ್ತ ಬಿದ್ದಿದ್ದವು. ಒಂದು, ಅವರ ತಂದೆಯ ಕಾಲದ ಅಮೇರಿಕದ ಕಾರು. ಉದ್ದ ಮೂತಿ, ಮಡಚುವ ಕ್ಯಾನ್ವಾಸಿನ ಟಪ್ಪು, ಕಡ್ಡಿ ಕಡ್ಡಿಯ ಗಾಲಿ. ಅದರ ಇಂಜಿನ್ನು ಜಾಮಾಗಿ ಯಾವ ಕಾಲವೋ ಆಗಿತ್ತು. ಇನ್ನೊಂದು, ಮಹಾಯುದ್ಧ ಮುಗಿದ ಮೇಲೆ ಲಿಲಾವಿನಲ್ಲಿ ಮಾರಿದ ಒಂದು ವಿಮಾನದ ಇಂಜಿನ್ನು. ಖಡಿ ಒಡೆಯುವ ಯಂತ್ರ ತಿರುಗಿಸಲು ಸಾಹುಕಾರರ ತಂದೆ ಅದನ್ನು ತಂದಿದ್ದರಂತೆ. ಅದು ಪೆಟ್ರೋಲು ಕುಡಿಯುವ ಪರಿ ನೋಡಿ ಕೈಮುಗಿದು, ತಾಡಪತ್ರಿ ಹೊದಿಸಿ ಮೂಲೆಗೆ ತಳ್ಳಿದ್ದರು. ಆರಾರರ ಎರಡು ಸಾಲಿನಂತೆ ಹನ್ನೆರಡು ಸಿಲಿಂಡರು, ಇಪ್ಪತ್ನಾಲ್ಕು ಪ್ಲಗ್ಗು. ಪಕ್ಕದಲ್ಲಿ ನಾನು ಮಲಗಿದರೆ ನನಗಿಂತ ಉದ್ದ.

ಇವೆರಡನ್ನೂ ಕೂಡಿಸುವ ಹುಚ್ಚು ಬಂದದ್ದು ಕಲ್ಲು ಕೊಳ್ಳಲು ಬರುತ್ತಿದ್ದ ಒಬ್ಬ ಪರದೇಶದ ವ್ಯಾಪಾರಿಯಿಂದ. ಆತ ಒಮ್ಮೆ ಸಾಹುಕಾರರಿಗೆ ಒಂದು ಮಾಸಪತ್ರಿಕೆಯ ಚಿತ್ರ ತೋರಿಸಿದ. ಅವರ ದೇಶದಲ್ಲಿ ಶೋಕಿದಾರರು ಹಳೆಯ ಕಾರಿಗೆ ವಿಮಾನದ ಇಂಜಿನ್ನು ಕೂಡಿಸಿ ಓಡಿಸುತ್ತಾರಂತೆ. ಸಾಹುಕಾರರು ಆ ಹಾಳೆಯನ್ನು ಕೇಳಿ ಇಸಿದುಕೊಂಡು ನೇರವಾಗಿ ನನ್ನ ಗ್ಯಾರೇಜಿಗೆ ಬಂದರು.

"ಮಿಸ್ತ್ರಿ, ಇದು ನಮ್ಮಲ್ಲಿ ಆಗ್ತೈತೇನು?"

"ಆಗ್ತೈತ್ರಿ ಸಾವ್ಕಾರ್ರ," ಎಂದೆ. ಚಿತ್ರವನ್ನು ನೆಟ್ಟಗೆ ನೋಡಿಯೂ ಇರಲಿಲ್ಲ.

ಅವರ ಹಿಂದೆ ನಿಂತಿದ್ದ ಡ್ರೈವರ್ ಕಾಕಾ ನಕ್ಕರು. ಬೇವೂರಿನವರು, ಸಣಕಲು ಮೈ, ಖಾಕಿ ಅಂಗಿ, ಬಿಳಿ ಟೊಪ್ಪಿಗೆ. ಸಾಹುಕಾರರ ತಂದೆಯನ್ನು ಅದೇ ಅಮೇರಿಕದ ಕಾರಿನಲ್ಲಿ ಬಾಗಲಕೋಟೆ, ಬಾದಾಮಿ ಎಂದು ಸುತ್ತಿಸಿದವರು. ಈಗ ಮಗನ ಜೀಪು ನಡೆಸುತ್ತಿದ್ದರು. "ಲೇ ತಮ್ಮಾ, ಎಮ್ಮಿ ಕೋಡು ತಂದು ಆಕಳಿಗೆ ಹಚ್ಚತೇನಿ ಅಂತಿ. ಕುತ್ತಿಗಿ ತಡೀಬೇಕಲ್ಲೋ?" ಎಂದರು.

ಕಾಕಾನ ಬಗ್ಗೆ ಒಂದು ಮಾತನ್ನು ಇಲ್ಲೇ ಹೇಳಬೇಕು. ರಿಪೇರಿಯಾದ ಗಾಡಿಯನ್ನು ಒಯ್ಯುವಾಗ ಅವರು ತಾವು ಕೆಳಗೆ ಬಗ್ಗಿ ನೋಡುತ್ತಿರಲಿಲ್ಲ. ಮಿಸ್ತ್ರಿಯನ್ನು ಕರೆದು, "ಬಾನೆಟ್ಟಿನ ಮ್ಯಾಲ ಕೈಯಿಟ್ಟು ಹೇಳು, ಎಲ್ಲಾ ಬಿಗಿ ಅದಾವಿಲ್ಲೋ?" ಎಂದು ಕೇಳುತ್ತಿದ್ದರು. ನಾನು ಕೈಯಿಟ್ಟು "ಅದಾವ್ ಕಾಕಾ" ಎಂದರೆ ಮುಗಿಯಿತು, ಚಾವಿ ತಿರುಗಿಸುತ್ತಿದ್ದರು. ಒಂದೆರಡು ಸಲ ನಾನು ಕೈಯಿಟ್ಟವನು ತಡೆದು, "ತಡೀರಿ ಕಾಕಾ, ಒಂದು ನಟ್ಟು ನೋಡಿ ಬಿಡತೇನಿ" ಎಂದು ಮತ್ತೆ ಕೆಳಗೆ ಹೊಕ್ಕದ್ದೂ ಉಂಟು. ಆಗ ಅವರು ಬೀಡಿ ಹಚ್ಚಿ ಆರಾಮಾಗಿ ಕಾಯುತ್ತಿದ್ದರು.

ಯುಗಾದಿ ಮುಗಿದ ಮೇಲೆ ಕೆಲಸ ಹಿಡಿದೆ. ಕ್ವಾರಿಯ ಶೆಡ್ಡೇ ನನ್ನ ಗ್ಯಾರೇಜಾಯಿತು. ಕಲ್ಲು ಎತ್ತುವ ಕ್ರೇನಿಗೆ ಸರಪಳಿ ಕಟ್ಟಿ ವಿಮಾನದ ಇಂಜಿನ್ನನ್ನು ಎತ್ತಿ, ಬರಿ ಚಾಸಿಯ ಮೇಲೆ ಇಳಿಸಿದೆವು. ಮುಂದಿನ ಸ್ಪ್ರಿಂಗುಗಳು ಚಪ್ಪಟೆಯಾಗಿ ಚಾಸಿ ಅಚ್ಚಿನ ಮೇಲೆ ಕೂತುಬಿಟ್ಟಿತು. ಕಾಕಾ ತಮ್ಮ ಕುತ್ತಿಗೆ ಸವರಿಕೊಂಡರು. ಕ್ವಾರಿಯ ಒಂದು ಕೆಟ್ಟ ಲಾರಿಯ ಮುಂದಿನ ಅಚ್ಚು, ಸ್ಪ್ರಿಂಗು, ಬ್ರೇಕು, ಗೇರ್‌ಬಾಕ್ಸು ಎಲ್ಲ ಬಿಚ್ಚಿ ತಂದೆ. ಚಾಸಿಯನ್ನು ಒಂದೂವರೆ ಮೊಳ ಉದ್ದ ಮಾಡಿ ಎರಡೂ ಬದಿಗೆ ಕಬ್ಬಿಣದ ಚಾನೆಲ್ಲು ಬೆಸೆದೆ. ಇದಕ್ಕೇ ಎರಡು ತಿಂಗಳು ಹಿಡಿಯಿತು.

ಇಂಜಿನ್ನಿಗೆ ಕಿಡಿ ಕೊಡುವ ಮ್ಯಾಗ್ನೆಟೋ ಎರಡಿದ್ದವು. ಮೂವತ್ತು ಮಳೆಗಾಲದ ಥಂಡಿ ಕುಡಿದು ಎರಡೂ ಸತ್ತಿದ್ದವು. ಬೇಕರಿಯವನಿಗೆ ದುಂಬಾಲು ಬಿದ್ದು, ಬ್ರೆಡ್ಡು ಹೊರತೆಗೆದ ಮೇಲೆ ಆರುತ್ತಿದ್ದ ಭಟ್ಟಿಯಲ್ಲಿ ಅವನ್ನು ಇಟ್ಟು ಒಣಗಿಸಿದೆ. ಸುರುಳಿಯ ತಂತಿಯ ಮೇಲಿನ ಹೊದಿಕೆ ಉದುರಿತ್ತು. ಸೀರೆ ನೇಯುವ ಮನೆಯಿಂದ ರೇಷ್ಮೆ ನೂಲು ತಂದು ಸುತ್ತಿ ಅರಗು ಬಳಿದೆ. ನೂಲು ಕೊಟ್ಟ ಅಜ್ಜಿ, "ಯಾರಿಗೆ ಸೀರಿ ಉಡಸ್ತೀಯೋ?" ಎಂದಳು. ವಿಮಾನಕ್ಕೆ ಎಂದೆ. ಅಂಥ ಕೆಲಸದಲ್ಲಿ ನಾನು ಜಾಣನೇ ಇದ್ದೆ, ಆ ಮಾತನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ವಿಮಾನದಲ್ಲಿ ಗಾಳಿ ತಳ್ಳುವ ಪಂಖ ಕೂಡುವ ಮೂತಿಯ ತುದಿಯಿಂದಲೇ ಶಕ್ತಿ ತೆಗೆಯಬೇಕು. ಹಾಗಾಗಿ ಇಂಜಿನ್ನನ್ನು ಹಿಂದುಮುಂದು ಮಾಡಿ, ಮೂತಿ ಗೇರ್‌ಬಾಕ್ಸಿನ ಕಡೆ ಬರುವಂತೆ ಕೂಡಿಸಿದೆ. ಮೂತಿಯಲ್ಲಿ ಪಂಖದ ವೇಗ ತಗ್ಗಿಸುವ ಒಂದು ಜೊತೆ ದೊಡ್ಡ ಹಲ್ಲುಗಾಲಿಗಳಿದ್ದವು. ಇವು ಕಾರಿಗೆ ಯಾಕೆ, ಸುಮ್ಮನೆ ಭಾರ ಎಂದು ಬಿಚ್ಚಿ ಬದಿಗಿಟ್ಟೆ. ಯಾರನ್ನೂ ಕೇಳಲಿಲ್ಲ.

ಇಂಜಿನ್ನು ಎದ್ದ ದಿನ ಕ್ವಾರಿಯ ಕೂಲಿಗಳೆಲ್ಲ ಕೆಲಸ ಬಿಟ್ಟು ಶೆಡ್ಡಿನ ಮುಂದೆ ನೆರೆದಿದ್ದರು. ಲಾರಿಯ ಎರಡು ಬ್ಯಾಟರಿ ಸೇರಿಸಿ ಬಟನ್ನು ಒತ್ತಿದೆ. ಎರಡು ಸಲ ಕೆಮ್ಮಿತು. ಮೂರನೆಯ ಸಲಕ್ಕೆ ಹನ್ನೆರಡೂ ಕೊಳವೆಯಿಂದ ಬೆಂಕಿ ಉಗುಳಿ ಎದ್ದಿತು. ಶೆಡ್ಡಿನ ತಗಡು ಕುಣಿಯಿತು, ತೊಲೆಯ ಮೇಲಿನ ಪಾರಿವಾಳಗಳು ಹಾರಿದವು, ಸಾಹುಕಾರರು ನನ್ನ ಬೆನ್ನಿಗೆ ಗುದ್ದಿದರು. ನನಗೆ ಕಣ್ಣಲ್ಲಿ ನೀರು ಬಂತು. ಕಾಕಾ ಸೀಟಿನಲ್ಲಿ ಕೂತು ಮೊದಲ ಗೇರು ಹಾಕಿ ಕ್ಲಚ್ಚು ಬಿಟ್ಟರು. ಕಾರು ಮೆತ್ತಗೆ ಹಿಂದಕ್ಕೆ ಹೋಗಿ ಕಲ್ಲಿನ ರಾಶಿಗೆ ಅಂಡು ಊರಿತು.

ಜನ ನಕ್ಕ ನಗೆ ನನಗೆ ಈಗಲೂ ಕೇಳಿಸುತ್ತದೆ. ಇಂಜಿನ್ನು ಉಲ್ಟಾ ತಿರುಗುತ್ತಿತ್ತು. ಬಾಗಲಕೋಟೆಯಲ್ಲಿ ನನಗೆ ಲೇತಿನ ಕೆಲಸ ಮಾಡಿಕೊಡುತ್ತಿದ್ದ ಚಾಚಾನ ಹತ್ತಿರ ಹೋಗಿ ತಲೆ ಹಿಡಿದುಕೊಂಡು ಕೂತೆ. ಆತ ಇಡೀ ಕಥೆ ಕೇಳಿ, "ಅರೇ ಮಿಸ್ತ್ರಿ, ಆ ಬಿಚ್ಚಿಟ್ಟ ಎರಡು ಗಾಲಿ ತಂದು ಕೂಡ್ಸಪ್ಪಾ. ಒಂದು ಗಾಲಿ ಇನ್ನೊಂದನ್ನ ಉಲ್ಟಾ ತಿರಗಸ್ತೈತಿಲ್ಲೋ? ಉಲ್ಟಾದ ಉಲ್ಟಾ ಸುಲ್ಟಾ ಆತಲ್ಲ," ಎಂದ. ವಿಮಾನ ಮಾಡಿದವನಿಗೆ ನನಗಿಂತ ಹೆಚ್ಚು ಬುದ್ಧಿ ಇರಬಹುದೆಂದು ನನಗೆ ಅಂದು ತಿಳಿಯಿತು. ಹಲ್ಲುಗಾಲಿಗಳನ್ನು ಮತ್ತೆ ಕೂಡಿಸಿದರೆ ಅಳತೆಗಳೆಲ್ಲ ಬದಲಾಗುತ್ತವೆ. ಇಂಜಿನ್ನನ್ನು ಮುಂದೆ ಸರಿಸಿ, ಅದಕ್ಕೂ ಗೇರ್‌ಬಾಕ್ಸಿಗೂ ನಡುವೆ ಮೊಳದುದ್ದದ ಒಂದು ದಪ್ಪ ದಂಡ ಹಾಕಬೇಕಾಯಿತು. ಚಾಚಾ ಅದನ್ನು ಲೇತಿನ ಮೇಲೆ ಕಡೆದು ಕೊಟ್ಟ. ತುದಿಗೆ ತಟ್ಟೆಯಗಲದ ಒಂದು ಉಕ್ಕಿನ ಫ್ಲ್ಯಾಂಜು, ಅದಕ್ಕೆ ಎಂಟು ಬೋಲ್ಟು. ಎಂಟಕ್ಕೂ ನೆತ್ತಿಯಲ್ಲಿ ಸೀಳಿರುವ ನಟ್ಟು. ನಟ್ಟನ್ನು ಪೂರಾ ಬಿಗಿದು, ಸೀಳು ಬೋಲ್ಟಿನ ತೂತಿಗೆ ಸರಿಬಂದಾಗ ಸ್ಪ್ಲಿಟ್ ಪಿನ್ನು ತೂರಿಸಿ ಬಗ್ಗಿಸಿದರೆ ಅದು ತಾನಾಗಿ ಬಿಚ್ಚಲಾರದು. ಕೊಡುವಾಗ ಚಾಚಾ ಹೇಳಿದ್ದು ಒಂದೇ ಮಾತು, "ಪಿನ್ನು ಮರೀಬ್ಯಾಡ."

ಅಷ್ಟರಲ್ಲಿ ದಸರೆ ಬಂತು. ಪರದೇಶದ ವ್ಯಾಪಾರಿ ದಸರೆಯ ಮರುವಾರ ಬರುತ್ತಾನೆ ಎಂದಿತ್ತು. ಅಷ್ಟಮಿಯ ಸಂಜೆ ಸಾಹುಕಾರರು ಊರಿನ ನಾಲ್ಕು ಜನ ವ್ಯಾಪಾರಿಗಳನ್ನು ಕರೆದುಕೊಂಡು ಶೆಡ್ಡಿಗೆ ಬಂದು ಕೆಲಸ ಎಲ್ಲಿಗೆ ಬಂತು ಎಂದು ಕೇಳಿದರು. ಹಿಂದಕ್ಕೆ ಹೋದ ಕಾರಿನ ಕಥೆ ಊರಲ್ಲೆಲ್ಲ ತಿರುಗುತ್ತಿತ್ತು, ನನ್ನ ಮೈ ಉರಿಯುತ್ತಿತ್ತು. "ಎಲ್ಲಾ ಮುಗದೈತ್ರಿ. ಕುಂಕುಮ ಹಚ್ಚೂದೊಂದು ಬಾಕಿ," ಎಂದೆ. ಆ ಎಂಟು ನಟ್ಟುಗಳನ್ನು ನಾನು ಆಗಿನ್ನೂ ಕೈಯಿಂದ ತಿರುವಿ, ನಟ್ಟು ಬಿಗಿಯುವ ಪಾನಾದಿಂದ ಒಂದೊಂದು ಸುತ್ತು ಕೂಡಿಸಿದ್ದೆ ಅಷ್ಟೆ. ದಂಡ ನೆಟ್ಟಗೆ ಕೂತಿದೆಯೋ ಇಲ್ಲವೋ ನೋಡಿದ ಮೇಲೆ ಬಿಗಿಯುವುದು ಕ್ರಮ. ಪಿನ್ನುಗಳನ್ನು ಇನ್ನೂ ಬಾಗಲಕೋಟೆಯಿಂದ ತರಬೇಕಿತ್ತು. ವಾರವಿದೆಯಲ್ಲ ಎಂದುಕೊಂಡೆ.

ನವಮಿಯ ಮುಂಜಾನೆ ಖಂಡೇಪೂಜೆ. ನಮ್ಮ ಮನೆತನ ಬೀರಪ್ಪನ ಒಕ್ಕಲು. ಹತಿಯಾರಗಳನ್ನು ಕರಿಯ ಕಂಬಳಿಯ ಮೇಲೆ ಸಾಲಾಗಿ ಇಟ್ಟು ಭಂಡಾರದ ಅರಿಸಿನ ಹಚ್ಚಿ ಪೂಜಿಸುತ್ತೇವೆ. ಪೂಜೆಗಿಟ್ಟ ಹತಿಯಾರವನ್ನು ಮರುದಿನ ಬನ್ನಿ ಮುಡಿಯುವವರೆಗೆ ಮುಟ್ಟುವಂತಿಲ್ಲ. ಅಪ್ಪ ಕುರಿಯ ಉಣ್ಣೆ ಕತ್ತರಿಸುವ ಕತ್ತರಿಯನ್ನೂ ಆ ದಿನ ಮುಟ್ಟಿದವನಲ್ಲ. ನಾನು ಎಲ್ಲ ಪಾನಾಗಳನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ತೊಳೆದು, ಶೆಡ್ಡಿನಲ್ಲೇ ಕಾರಿನ ಪಕ್ಕಕ್ಕೆ ಕಂಬಳಿ ಹಾಸಿ ಜೋಡಿಸಿದೆ. ಆ ನಟ್ಟಿಗೆ ಹತ್ತುವ ದೊಡ್ಡ ರಿಂಗ್ ಪಾನಾ ನಡುವೆ ಇತ್ತು. ಅದರ ಮೇಲೆ ಒಂದು ಚೆಂಡುಹೂ ಇಟ್ಟೆ.

ಗಾಡಿಗಳ ಮಾತು ಬೇರೆ. ಅವನ್ನು ಪೂಜೆ ಮಾಡಿ, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು ಒಂದು ಸುತ್ತು ಓಡಿಸುವುದು ಎಲ್ಲರ ರೂಢಿ. ಮಧ್ಯಾಹ್ನ ಮೂರರ ಹೊತ್ತಿಗೆ ಸಾಹುಕಾರರು ಜೀಪಿನಿಂದ ಇಳಿದರು. ಜೊತೆಗೆ ಆ ಪರದೇಶದ ವ್ಯಾಪಾರಿ. ಅವನ ಬೇರೆಲ್ಲ ಕೆಲಸ ಬೇಗ ಮುಗಿದು ಮೊದಲೇ ಬಂದಿದ್ದ, ಮರುದಿನ ಬೆಳಗ್ಗೆ ಹೊರಡುವವನಿದ್ದ.

"ಮಿಸ್ತ್ರಿ, ಪೂಜಿ ಆತಿಲ್ಲೋ? ಹುನಗುಂದದ ರೋಡಿಗೆ ಒಂದು ಸುತ್ತು ಹೊಡಸೂಣು. ಇವರಿಗೆ ತೋರಸಬೇಕು."

ಮರೆತಿದ್ದೆ ಎಂದು ಬರೆಯುವಂತಿದ್ದರೆ ಈ ಬರಹ ಇಲ್ಲಿಗೇ ಮುಗಿಯುತ್ತಿತ್ತು. ಮರೆತಿರಲಿಲ್ಲ. ಎಂಟು ನಟ್ಟುಗಳು ನನ್ನ ಕಣ್ಣ ಮುಂದೆ ಬಂದವು. "ಇನ್ನೊಂದು ತಾಸಿನ ಕೆಲಸ ಐತ್ರಿ" ಎಂದರೆ ಸಾಕಿತ್ತು. ಹಾಗೆ ಹೇಳಿದರೆ ನಿನ್ನೆ ನಾಲ್ಕು ಜನರ ಮುಂದೆ ಹೇಳಿದ್ದು ಸುಳ್ಳಾಗುತ್ತಿತ್ತು. ಮೇಲೆ, ಪೂಜೆಗಿಟ್ಟ ಪಾನಾವನ್ನು ಎಲ್ಲರೆದುರು ಎತ್ತಬೇಕಿತ್ತು. ಬೀರಪ್ಪನಿಗೆ ಹೆದರಿದೆ ಎಂದು ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡೆ. ಹಾಗಲ್ಲ. ನಾನು ಹೆದರಿದ್ದು ನಗುವ ಜನರಿಗೆ. ಏನೋ ನೋಡುವವನಂತೆ ಕಾರಿನ ಕೆಳಗೆ ಹೊಕ್ಕು ಬರಿಗೈಯಲ್ಲಿ ನಟ್ಟುಗಳನ್ನು ತಿರುವಿ ನೋಡಿದೆ. ಕೈಗೆ ಅಲುಗಲಿಲ್ಲ. ಒಂದು ಸುತ್ತಿಗೆ ಏನಾದೀತು ಎಂದು ಎದ್ದು ಬಂದೆ.

ಕಾಕಾ ಟೊಪ್ಪಿಗೆ ಸರಿಪಡಿಸಿಕೊಂಡು ನಿಂತಿದ್ದರು. ಇಪ್ಪತ್ತು ವರ್ಷದ ಹಿಂದಿನ ತಮ್ಮ ಕಾರು ಮತ್ತೆ ರಸ್ತೆಗೆ ಇಳಿಯುವ ಖುಷಿ ಅವರ ಮುಖದ ಮೇಲಿತ್ತು.

"ಕೈಯಿಟ್ಟು ಹೇಳು ತಮ್ಮಾ, ಎಲ್ಲಾ ಬಿಗಿ ಅದಾವಿಲ್ಲೋ?"

ಕೈಯಿಟ್ಟೆ. ಬಾನೆಟ್ಟಿಗೆ ಹಚ್ಚಿದ ಕುಂಕುಮ ಅಂಗೈಗೆ ಹತ್ತಿತು. "ಅದಾವ್ ಕಾಕಾ," ಎಂದೆ.

ವ್ಯಾಪಾರಿ ಕಾಕಾನ ಪಕ್ಕ ಕೂತ, ಸಾಹುಕಾರರು ಹಿಂದೆ. "ನೀನೂ ಹತ್ತೋ ಮಿಸ್ತ್ರಿ," ಎಂದರು ಸಾಹುಕಾರರು. ಭಾರ ಆಗುತ್ತದೆ, ನಾನು ಜೀಪಿನಲ್ಲಿ ಬರುತ್ತೇನೆ ಎಂದೆ. ಏಳು ಕ್ವಿಂಟಲ್ ಇಂಜಿನ್ನು ಹೊತ್ತ ಕಾರಿಗೆ ನನ್ನ ಭಾರ! ಸೀಟು ಖಾಲಿಯೇ ಇತ್ತು. ಈ ಇಡೀ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ನಾಚಿಕೆ ತರುವುದು ಆ ಖಾಲಿ ಸೀಟು.

ಕಾಕಾ ನಡೆಸಿದ ರೀತಿ ನೋಡಬೇಕಿತ್ತು. ಆ ರಾಕ್ಷಸನನ್ನು ಬೆಣ್ಣೆಯಂತೆ ಮೊದಲ ಗೇರಿನಲ್ಲಿ ಎತ್ತಿಕೊಂಡರು, ಎರಡನೆಯದಕ್ಕೆ ಬಂದರು, ಒಂದು ಕುಲುಕು, ಒಂದು ಝಟಕಾ ಇಲ್ಲ. ಹಿಂದೆ, ಜೀಪು ನಡೆಸುತ್ತಿದ್ದ ಒಬ್ಬ ಕ್ಲೀನರನ ಪಕ್ಕ ಕೂತು ನಾನು ನೋಡುತ್ತಿದ್ದೆ. ನೇರ ರಸ್ತೆ ಬಂತು. ಸಾಹುಕಾರರು ಮುಂದೆ ಬಾಗಿ ಕಾಕಾನ ಹೆಗಲು ತಟ್ಟಿದರು. ಮೂರನೆಯ ಗೇರು. ಆ ಗುಡುಗಿಗೆ ಹೊಲದ ಎತ್ತುಗಳು ಬಾಲವೆತ್ತಿ ಓಡಿದವು. ಕಾರು ನಮ್ಮಿಂದ ದೂರ ದೂರ ಹೋಯಿತು.

ಆಮೇಲೆ ಕಬ್ಬಿಣ ಕಬ್ಬಿಣಕ್ಕೆ ಬಡಿಯುವ ಸದ್ದು. ಎಂಟೂ ನಟ್ಟು ಉದುರಿ, ದಂಡದ ಒಂದು ತುದಿ ಬಿಟ್ಟುಕೊಂಡು ಕಾಲಡಿಯಲ್ಲಿ ಗರಗರ ಬಡಿಯತೊಡಗಿತ್ತು. ನೆಲದ ಹಲಗೆ ಒಡೆದು ಮೇಲೆ ಬಂದು ಕಾಕಾನ ಎಡಗಾಲಿಗೆ ಹೊಡೆಯಿತು. ಅಂಥದರಲ್ಲೂ ಅವರು ಇಂಜಿನ್ನು ಬಂದ್ ಮಾಡಿ, ಬಲಗಾಲಿನಿಂದ ಬ್ರೇಕು ತುಳಿದು, ಕಾರನ್ನು ಜೋಳದ ಹೊಲಕ್ಕೆ ಇಳಿಸಿ ನಿಲ್ಲಿಸಿದ್ದರು. ಉಳಿದಿಬ್ಬರಿಗೆ ತರಚಿದ ಗಾಯ. ನಾವು ಹೋದಾಗ ಕಾಕಾ ಸ್ಟಿಯರಿಂಗು ಹಿಡಿದುಕೊಂಡೇ ಇದ್ದರು. ಮೊದಲು ಕೇಳಿದ್ದು, "ಸಾವ್ಕಾರ್ರಿಗೆ ಏನೂ ಆಗಿಲ್ಲಲಾ?"

ಬಾಗಲಕೋಟೆಯ ದವಾಖಾನೆಯಲ್ಲಿ ಕಾಲಿಗೆ ಪ್ಲಾಸ್ಟರು ಹಾಕಿದರು. ಹಿಮ್ಮಡಿಯ ಮೇಲಿನ ಎಲುಬು ಎರಡು ಕಡೆ ಮುರಿದಿತ್ತು. ಮರುದಿನ ವ್ಯಾಪಾರಿ ತನ್ನ ದೇಶಕ್ಕೆ ಹೋದ. ಸಾಹುಕಾರರು ಕಾಕಾನ ಮಂಚದ ಪಕ್ಕ ನಿಂತು ನನ್ನನ್ನು ಕೇಳಿದರು.

"ಹೆಂಗಾತು ಮಿಸ್ತ್ರಿ? ನೀನ ಹೇಳಬೇಕು. ಕ್ಲಚ್ಚು ಝಟಕಾ ಹೊಡೀತೇನು?"

ಅವರೇ ದಾರಿ ತೆರೆದು ಕೊಟ್ಟಿದ್ದರು. ನಾನು ಕಾಕಾನ ಕಡೆ ನೋಡದೆ, "ಹಂಗ ಆಗಿರಬೇಕ್ರಿ. ಅಷ್ಟು ದೊಡ್ಡ ಇಂಜಿನ್ನು, ಕ್ಲಚ್ಚು ಜರಾ ಜೋರ ಬಿಟ್ರ ತಡಿಯೂದಿಲ್ರಿ," ಎಂದೆ.

ಕಾಕಾ ಪ್ಲಾಸ್ಟರು ಹಾಕಿದ ಕಾಲಿನ ಕಡೆ ನೋಡಿಕೊಂಡರು. ಅವರು ವಾದ ಮಾಡುತ್ತಾರೆ, ನನ್ನ ಗಂಟಲು ಹಿಡಿಯುತ್ತಾರೆ ಎಂದು ಕಾದೆ. "ನನಗ ಹಂಗ ಅನಸಲಿಲ್ಲ," ಎಂದರು ಕೊನೆಗೆ. "ಆದ್ರ ಮಿಸ್ತ್ರಿ ಅಂತಾನ ಅಂದ ಮ್ಯಾಲ ಇರಬಹುದು. ವಯಸ್ಸಾತಲ್ಲ, ಕಾಲಿಗೆ ತಿಳೀಲಿಲ್ಲ."

ಅದೇ ವಾರ ಶೆಡ್ಡಿಗೆ ಎಳೆದು ತಂದ ಕಾರಿನ ಕೆಳಗೆ ಹೊಕ್ಕೆ. ಇಂಜಿನ್ನಿನ ಕೆಳಗಿನ ತಗಡಿನ ತಟ್ಟೆಯಲ್ಲಿ ಎಂಟರಲ್ಲಿ ಆರು ಬೋಲ್ಟು ಸಿಕ್ಕವು. ಝಟಕಾಕ್ಕೆ ಹೋಗಿದ್ದರೆ ಅವು ತುಂಡಾಗಬೇಕಿತ್ತು. ಒಂದರ ಮರೆಯೂ, ನಟ್ಟು ಹತ್ತುವ ಆ ಸುರುಳಿ ಗೆರೆ, ಸವೆದಿರಲಿಲ್ಲ. ಸ್ವಲ್ಪ ಸ್ವಲ್ಪವೇ ಬಿಚ್ಚಿಕೊಂಡು ಉದುರಿದ್ದು ಯಾವ ಮಿಸ್ತ್ರಿ ನೋಡಿದರೂ ಹೇಳುತ್ತಿದ್ದ. ಅವನ್ನು ಗ್ರೀಸಿನ ಒಂದು ಡಬ್ಬಿಗೆ ಹಾಕಿ ಮಾಡಿನ ಸಂದಿಗೆ ಸೇರಿಸಿದೆ. ಸಾಹುಕಾರರು ಮತ್ತೆ ಆ ಕಾರಿನ ಸುದ್ದಿ ಎತ್ತಲಿಲ್ಲ. ನನ್ನ ಗಿರಾಕಿಗಳು ಕಡಿಮೆಯಾಗಲಿಲ್ಲ, ಇನ್ನೂ ಹೆಚ್ಚಿದರು. ವಿಮಾನದ ಇಂಜಿನ್ನು ಎಬ್ಬಿಸಿದ ಮಿಸ್ತ್ರಿಯಲ್ಲವೇ!

ಕಾಕಾನ ಎಲುಬು ಕೂಡಿತು, ಸ್ವಲ್ಪ ಕುಂಟು ಉಳಿಯಿತು. ಜೀಪು ನಡೆಸಲು ಅಡ್ಡಿಯಿಲ್ಲ ಎಂದು ಡಾಕ್ಟರು ಹೇಳಿದರು. ಸಾಹುಕಾರರೂ ಚಾವಿ ಮುಂದೆ ಹಿಡಿದರು. ಕಾಕಾ ತೆಗೆದುಕೊಳ್ಳಲಿಲ್ಲ. ಕ್ವಾರಿಯ ಗೇಟಿನಲ್ಲಿ ಒಂದು ಕುರ್ಚಿ ಕೇಳಿ ಪಡೆದು, ಲಾರಿ ಬಂದಾಗ ದಾರಿಗೆ ಅಡ್ಡ ಹಾಕಿದ ಬಿದಿರನ್ನು ಎತ್ತುತ್ತ ಕೂತರು. ಎಡಗಾಲ ಕೆಳಗೆ ಒಂದು ಸಪಾಟಾದ ಗ್ರಾನೈಟ್ ಚೂರು ಇಟ್ಟುಕೊಂಡಿದ್ದರು. ಅದನ್ನು ತುಳಿದು, ಕ್ಲಚ್ಚು ಬಿಟ್ಟಂತೆ ಮೆಲ್ಲಗೆ, ಬಹಳ ಮೆಲ್ಲಗೆ ಕಾಲು ಎತ್ತುವುದು. ಮತ್ತೆ ತುಳಿಯುವುದು. ಒಮ್ಮೆ ಏನದು ಕಾಕಾ ಎಂದು ಕೇಳಿಬಿಟ್ಟೆ.

"ಕಾಲಿಗೆ ಸಾಲಿ ಹಚ್ಚೇನಿ," ಎಂದು ನಕ್ಕರು. "ದಡ್ಡ ಕಾಲು. ಇನ್ನೂ ಪಾಸ್ ಆಗವಲ್ದು."

ಹೀಗೆ ಹತ್ತಿರ ಹತ್ತಿರ ಎರಡು ವರ್ಷ ಕಳೆಯಿತು. ಆ ಅಪಘಾತವಾದ ಮೇಲಿನ ಎರಡನೆಯ ದಸರೆಗೆ ಹದಿನೈದು ದಿನ ಇರುವಾಗ ಕ್ವಾರಿಯಲ್ಲಿ ಒಬ್ಬ ಕಲ್ಲುಕುಟಿಗನ ಕೈ ಬಂಡೆಯಡಿ ಸಿಕ್ಕಿತು. ಗೇಟಿನ ಬಳಿ ಜೀಪು ನಿಂತಿತ್ತು, ಚಾವಿ ಅದರಲ್ಲೇ ಇತ್ತು. ಹೊಸ ಡ್ರೈವರು ಊಟಕ್ಕೆ ಹೋಗಿದ್ದ. ಗಾಡಿ ನಡೆಸಬಲ್ಲವರು ಅಲ್ಲಿ ಕಾಕಾ ಒಬ್ಬರೇ. ಅವರು ಹತ್ತಿ ಕೂತು, ಸ್ಟಿಯರಿಂಗು ಹಿಡಿದು, ಕ್ಲಚ್ಚು ಒತ್ತಿ, ಬಿಡಲಾರದೆ ಹಾಗೆಯೇ ಕೂತುಬಿಟ್ಟರಂತೆ. ಅರ್ಧ ತಾಸಿನ ಮೇಲೆ ಹುನಗುಂದದಿಂದ ಬಂದ ಲಾರಿಯಲ್ಲಿ ಆತನನ್ನು ಒಯ್ದರು. ಎರಡು ಬೆರಳು ಹೋದವು. ಬೇಗ ತಂದಿದ್ದರೂ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರು. ಕಾಕಾ ಅದನ್ನು ನಂಬಲಿಲ್ಲ.

ಮರುದಿನ ಅವರೇ ನನ್ನ ಗ್ಯಾರೇಜಿಗೆ ಬಂದು ಇದನ್ನೆಲ್ಲ ಹೇಳಿದರು. ಹೇಳುವಾಗ ನನ್ನ ಮುಖ ನೋಡಲಿಲ್ಲ, ನೆಲ ನೋಡುತ್ತಿದ್ದರು. "ನಾಚಿಗಿ ಬಂತೋ ತಮ್ಮಾ. ಮೂವತ್ತು ವರ್ಷ ಗಾಡಿ ಹೊಡದವ ನಾ, ಅಂವ ಚೀರತಿದ್ದ, ನಾ ಕೂತಿದ್ದೆ. ನನಗ ನನ್ನ ಕಾಲಿನ ಮ್ಯಾಲ ನಂಬಿಕಿ ಇಲ್ಲ."

ನಾಚಿಕೆ ನನ್ನದು. ಅದನ್ನು ಎರಡು ವರ್ಷದಿಂದ ಅವರು ಹೊತ್ತು ತಿರುಗುತ್ತಿದ್ದರು. ಅವರಿಗೆ ಚಹಾ ತರಿಸಿದೆ. ಅದನ್ನು ಬಿಟ್ಟು ಬೇರೇನನ್ನೂ ಮಾಡುವ ಧೈರ್ಯ ಅಂದು ಬರಲಿಲ್ಲ. ಆ ಹದಿನೈದು ದಿನ ನಾನು ಯಾವ ಗಾಡಿಯ ಕೆಲಸವನ್ನೂ ಸರಿಯಾಗಿ ಮಾಡಲಿಲ್ಲ. ನವಮಿಯ ದಿನ ಕಂಬಳಿಯ ಮೇಲೆ ಆ ರಿಂಗ್ ಪಾನಾ ಇಡುವಾಗ ಕೈ ನಿಂತಿತು. ಮಾಡಿನ ಸಂದಿಯಿಂದ ಡಬ್ಬಿಯನ್ನು ಇಳಿಸಿದೆ.

ದಶಮಿಯ ಸಂಜೆ ಕ್ವಾರಿಯ ಅಂಗಳದಲ್ಲಿ ಎಲ್ಲರೂ ಬನ್ನಿ ಹಂಚುತ್ತಿದ್ದರು. ಸಾಹುಕಾರರು ಬೇವಿನ ಕೆಳಗೆ ಕೂತು ಕೂಲಿಗಳಿಂದ ಬನ್ನಿ ಇಸಿದುಕೊಳ್ಳುತ್ತಿದ್ದರು. ಕಾಕಾ ಗೇಟಿನ ಕುರ್ಚಿಯಲ್ಲಿ, ಕಾಲಡಿಗೆ ಅದೇ ಕಲ್ಲು. ನಾನು ಬನ್ನಿಗಿಂತ ಮೊದಲು ಡಬ್ಬಿಯನ್ನು ಅವರ ಕೈಗಿಟ್ಟೆ.

"ಏನೋ ಇದು?"

"ಆ ಕಾರಿನ ಬೋಲ್ಟು, ಕಾಕಾ."

ಒಂದನ್ನು ತೆಗೆದು, ಗ್ರೀಸು ಒರೆಸಿ, ಮರೆಯ ಮೇಲೆ ಹೆಬ್ಬೆರಳಿನ ಉಗುರು ಎಳೆದರು. ಎರಡನೆಯದನ್ನು ತೆಗೆದರು. ಮೂರನೆಯದಕ್ಕೆ ಅವರ ಕೈ ನಿಂತಿತು. ಡ್ರೈವರಾದವರಿಗೆ ಅದಕ್ಕಿಂತ ಹೆಚ್ಚು ಹೇಳಬೇಕಾಗಿರಲಿಲ್ಲ.

"ಬಿಗದಿದ್ದಿಲ್ಲೇನು?"

"ಬಿಗದಿದ್ದಿಲ್ಲ. ಪಿನ್ನೂ ಹಾಕಿದ್ದಿಲ್ಲ. ಗೊತ್ತಿತ್ತು ನನಗ."

"ಹಂಗಾದ್ರ..." ಅವರು ಕಾಲಿನ ಕಡೆ ನೋಡಿಕೊಂಡರು. "ನನ್ನ ಕಾಲು ಝಟಕಾ ಹೊಡದಿದ್ದಿಲ್ಲ?"

"ಇಲ್ಲ ಕಾಕಾ. ನಿಮ್ಮ ಕಾಲಿಂದ ಏನೂ ತಪ್ಪಿಲ್ಲ."

ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಎದ್ದು ನನ್ನ ರಟ್ಟೆ ಹಿಡಿದು ಕುಂಟುತ್ತ ಎಳೆದುಕೊಂಡು ಹೋದರು, ಬೇವಿನ ಮುಂದೆ ನಿಂತಿದ್ದ ಜೀಪಿನವರೆಗೆ. ಜನ ತಿರುಗಿ ನೋಡಿದರು. "ಕೈ ಇಡು," ಎಂದರು. ಬಾನೆಟ್ಟಿನ ಮೇಲೆ ಕೈಯಿಟ್ಟೆ. "ಈಗ ಹೇಳು. ಸಾವ್ಕಾರ್ರಿಗೆ ಕೇಳೂ ಹಂಗ ಹೇಳು."

ಹೇಳಿದೆ. ಅಷ್ಟಮಿಯ ಸಂಜೆಯ ಸುಳ್ಳು, ನವಮಿಯ ಸುಳ್ಳು, ದವಾಖಾನೆಯ ಸುಳ್ಳು, ಮೂರನ್ನೂ ಹೇಳಿದೆ. ಖಾಲಿ ಸೀಟಿನ ಸಂಗತಿಯನ್ನೂ ಹೇಳಿದೆ. ಕೈಬೆರಳು ಕಳೆದುಕೊಂಡ ಆ ಕಲ್ಲುಕುಟಿಗನೂ ಅಲ್ಲೇ ನಿಂತು ಕೇಳುತ್ತಿದ್ದ.

"ನೀ ಅವತ್ತು ಹತ್ತಲಿಲ್ಲ," ಎಂದರು ಕಾಕಾ. "ನನಗ ಆಗೇ ತಿಳೀಬೇಕಿತ್ತು." ಆಮೇಲೆ ಸಾಹುಕಾರರ ಕಡೆ ಕೈ ಚಾಚಿದರು. "ಚಾವಿ ಕೊಡ್ರಿ."

ಸಾಹುಕಾರರು ಚಾವಿ ಕೊಟ್ಟರು. ಕಾಕಾ ಜೀಪು ಹತ್ತಿ, ಕ್ಲಚ್ಚು ಒತ್ತಿ, ಸ್ವಲ್ಪ ಹೊತ್ತು ಹಾಗೇ ಕೂತರು. ಜೀಪು ಹೊರಟದ್ದು ತಿಳಿಯಲೇ ಇಲ್ಲ, ಅಷ್ಟು ಮೆತ್ತಗೆ. ಕಲ್ಲಿನ ರಾಶಿಗಳ ನಡುವೆ ಒಂದು ಸುತ್ತು ಹಾಕಿ, ಹೊರಟ ಜಾಗದಲ್ಲೇ ತಂದು ನಿಲ್ಲಿಸಿದರು. ಇಳಿದು ಚಾವಿಯನ್ನು ತಮ್ಮ ಖಾಕಿ ಅಂಗಿಯ ಜೇಬಿಗೆ ಹಾಕಿಕೊಂಡರು.

ನಾನು ಬನ್ನಿ ಮುಂದೆ ಹಿಡಿದೆ. ತೆಗೆದುಕೊಂಡರು. ಹಬ್ಬದ ದಿನ ಬನ್ನಿಯನ್ನು ಯಾರೂ ಬೇಡ ಎನ್ನುವುದಿಲ್ಲ. "ಬಂಗಾರದಂಗ ಇರು," ಎಂದರು, ಎಲ್ಲರಿಗೂ ಹೇಳುವ ಹಾಗೆಯೇ. ರೂಢಿಯಂತೆ ಕಾಲು ಮುಟ್ಟಲು ಬಗ್ಗಿದೆ. ಅವರು ಎಡಗಾಲನ್ನು ಹಿಂದಕ್ಕೆ ಎಳೆದುಕೊಂಡರು.

"ಅದಕ್ಕ ಕೈ ಹಚ್ಚಬ್ಯಾಡ. ಎರಡು ವರ್ಷ ನಾ ಅದನ್ನ ಬೈದೇನಿ. ಮೊದಲ ನಾ ಅದಕ್ಕ ತಪ್ಪಾತು ಅನಬೇಕು. ನಿಂದು ಆಮ್ಯಾಲ."

ಆ ಜೀಪನ್ನು ಕಾಕಾ ಮುಂದೆ ಆರು ವರ್ಷ ನಡೆಸಿದರು. ಅದು ಕೆಟ್ಟಾಗೆಲ್ಲ ರಿಪೇರಿಗೆ ಹುನಗುಂದಕ್ಕೆ ಒಯ್ಯುತ್ತಿದ್ದರು. ನನ್ನ ಗ್ಯಾರೇಜು ಅದೇ ದಾರಿಯಲ್ಲಿತ್ತು.